ಚೀಲದ ತಳದ ಕಾಗದಗಳು

ಬೆಳಗಿನ ಆರೂವರೆಗೆಲ್ಲ ಅಂಜಿನಯ್ಯ ಅಂಚೆ ಕಚೇರಿಯ ಉದ್ದನೆಯ ಮೇಜಿನ ಮುಂದೆ ನಿಂತಿದ್ದಾರೆ. ಮೂಡಲಪಾಳ್ಯದಿಂದ ಹೊಲದ ಬದುಗಳ ಮೇಲೆ ನಡೆದು ಬಂದ ಕಾಲಿಗೆ ಇನ್ನೂ ಕೆಮ್ಮಣ್ಣು ಮೆತ್ತಿದೆ. ಖಾಕಿ ಅಂಗಿಯ ತೋಳು ಮಡಿಸಿ, ರಾಜಾಜಿನಗರದ ಹೊಸ ಬಡಾವಣೆಯ ಕಾಗದಗಳನ್ನು ರಸ್ತೆವಾರು ಜೋಡಿಸುತ್ತಿದ್ದಾರೆ. ದಿನಕ್ಕೆ ಇನ್ನೂರರ ಆಸುಪಾಸು ಕಾಗದ, ಒಂಬತ್ತು ಮೈಲಿ ನಡಿಗೆ.

ಅವರಿಗೀಗ ನಲವತ್ತೆಂಟು. ರಾಗಿ ಬೆಳೆಯುವ ಮನೆತನ. ಕೂಲಿಮಠದಲ್ಲಿ ಕಲಿತ ಕನ್ನಡದ ಬಲದಿಂದ ಟಪಾಲು ಹೊರುವ ಕೆಲಸಕ್ಕೆ ಸೇರಿ, ಮುಂದೆ ಪೋಸ್ಟ್‌ಮ್ಯಾನ್ ಆದರು. ಬಡಾವಣೆಯಲ್ಲಿ ಮನೆಗಳಿಗಿಂತ ಸರ್ವೆ ಕಲ್ಲುಗಳೇ ಹೆಚ್ಚಿದ್ದ ದಿನಗಳಿಂದ ಒಂದೊಂದು ಅಡ್ಡರಸ್ತೆಯೂ ಅವರಿಗೆ ಗೊತ್ತು. ಜೊತೆಯವರಿಗೆ ಕಾಯಿಲೆಯೆಂದರೆ ಅವರ ಬೀದಿಗಳನ್ನೂ ತಾವೇ ಸುತ್ತಿ ಬರುತ್ತಿದ್ದರು. ತಮಗೆ ಮಾತ್ರ ಯಾರಿಂದಲೂ ಏನೂ ಬೇಡ. ಜ್ವರ ಬಂದಾಗಲೂ ಚೀಲ ಬಿಟ್ಟುಕೊಟ್ಟವರಲ್ಲ.

ಅವರಿಗೆ ಬಾರದಿದ್ದದ್ದು ಒಂದೇ, ಇಂಗ್ಲಿಷಿನ ಕೂಡುಬರಹ ಓದುವುದು. ಅಚ್ಚಿನ ಅಕ್ಷರವಾದರೆ ಹೇಗೋ ತಡವರಿಸಿ ಓದುತ್ತಿದ್ದರು. ಕಾರ್ಖಾನೆಯವರು, ಸರ್ಕಾರಿ ನೌಕರರು ಮನೆ ಕಟ್ಟಿಕೊಂಡು ಬಂದಂತೆಲ್ಲ ಅಂಥ ವಿಳಾಸಗಳು ಹೆಚ್ಚಿದವು.

"ಓದಕ್ಕೆ ಬರಲ್ಲ ಅಂದ್ರೆ ಎಲ್ಲಾರ ಮುಂದೆ ಚಿಕ್ಕೋನಾಗ್ತೀನಿ ಅಂತ ಭಯ, ಸಾರ್. ಅಲ್ಲೀವರೆಗೂ ಎಲ್ಲಾರ ಕಷ್ಟಕ್ಕೂ ಆಗ್ತಿದ್ದೋನು ನಾನೇ ಅಲ್ವಾ?" ಎನ್ನುತ್ತಾರೆ ಅಂಜಿನಯ್ಯ, ಅವರ ಬಗ್ಗೆ ಬರೆಯಲು ಬಂದ ನನ್ನೊಡನೆ.

ಓದಲಾಗದ ಕಾಗದಗಳನ್ನು ಚೀಲದ ತಳಕ್ಕೆ ಹಾಕಿಕೊಂಡು, ಕೊನೆಗೆ ನಿವೃತ್ತ ಮೇಷ್ಟರೊಬ್ಬರ ಮನೆಗೆ ಹೋಗಿ ಓದಿಸಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಕಾಗದ ವಿಂಗಡಿಸುವ ವೆಂಕಟರಮಣಪ್ಪ ಇದನ್ನು ಗಮನಿಸಿದ್ದರು. "ಕೊಡಿ, ನಾನು ಓದಿ ಹೇಳ್ತೀನಿ" ಎಂದು ಒಂದು ದಿನ ಎಲ್ಲರೆದುರು ಕೈ ಚಾಚಿದರು. ಅಂಜಿನಯ್ಯ ಕಾಗದವನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ ವಾರಗಟ್ಟಲೆ ಇಬ್ಬರಿಗೂ ಮಾತಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಮೇಷ್ಟರು ಮಗಳ ಮನೆಗೆಂದು ಮೈಸೂರಿಗೆ ಹೋದರು. ಬಾಗಿಲಿಗೆ ಬೀಗ. ಕೂಡುಬರಹದ ವಿಳಾಸವಿದ್ದ ಒಂದು ಕಾರ್ಡು ಮೂರು ದಿನ ಚೀಲದ ತಳದಲ್ಲೇ ಉಳಿಯಿತು. ನಾಲ್ಕನೆಯ ದಿನ ದಾರಿಯಲ್ಲಿ ಸಿಕ್ಕ ಕಾಲೇಜು ಹುಡುಗನೊಬ್ಬ ಅದನ್ನು ಓದಿ ಹೇಳಿದ. ಅದು ನೀಲಮ್ಮ ಎಂಬ ಹುಡುಗಿಗೆ ನರ್ಸಿಂಗ್ ತರಬೇತಿಯ ಸಂದರ್ಶನಕ್ಕೆ ಬಂದ ಕರೆ. ಅವಳ ಕೈ ಸೇರುವಾಗ ಸಂದರ್ಶನ ಮುಗಿದು ಒಂದು ದಿನವಾಗಿತ್ತು. ನೀಲಮ್ಮ ಕಾರ್ಡನ್ನು ಎರಡು ಸಲ ಓದಿದಳು. ತಡವಾದ ಕಾರಣವನ್ನು ಅಂಜಿನಯ್ಯ ಮುಚ್ಚಿಡಲಿಲ್ಲ.

"ಆಫೀಸಲ್ಲಿ ಯಾರನ್ನಾದ್ರೂ ಕೇಳ್ಬಹುದಿತ್ತಲ್ವಾ?" ಅಂದಳು, ಅಷ್ಟೇ.

ಅಂಜಿನಯ್ಯ ನೇರ ಕಚೇರಿಗೆ ಬಂದು ನಡೆದದ್ದನ್ನು ತಾವೇ ಪೋಸ್ಟ್‌ಮಾಸ್ಟರಿಗೆ ಹೇಳಿದರು. ಅವರು ಅಂಜಿನಯ್ಯನವರಿಗೆ ಎಚ್ಚರಿಕೆಯ ಪತ್ರ ಕೊಟ್ಟು, ಹುಡುಗಿಯ ಪರವಾಗಿ ತರಬೇತಿ ಶಾಲೆಗೂ ಒಂದು ಪತ್ರ ಬರೆದರು. ಆದರೆ ಅಲ್ಲಿ ಸೀಟುಗಳು ತುಂಬಿಹೋಗಿದ್ದವು. ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಅಂಜಿನಯ್ಯನವರ ಪಕ್ಕಕ್ಕೆ ವೆಂಕಟರಮಣಪ್ಪ ಬಂದು ಕೂತರು.

"ನನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ಹನ್ನೊಂದು ದಿನ ನಿಮ್ಮನೆಯಿಂದ ಊಟ ತಂದ್ಕೊಟ್ರಿ. ನಾನು ಬೇಡ ಅಂದ್ನಾ? ತಗೊಂಡು ನಾನೇನು ಸಣ್ಣೋನಾದ್ನಾ? ಕೊಡೋ ಸಂತೋಷ ನಿಮಗೊಬ್ರಿಗೇ ಇರ್ಬೇಕಾ?"

ಮತ್ತೆ ಅವರೇ ಹೇಳಿದರು: "ಅವತ್ತು ಅಷ್ಟು ಜನದ ಮುಂದೆ ಕೈ ಚಾಚಿದ್ದು ನಂದೂ ತಪ್ಪೇ."

ಮಾರನೆಯ ಬೆಳಿಗ್ಗೆ ಅಂಜಿನಯ್ಯ ಒಂದು ಲಕೋಟೆ ಎತ್ತಿ ಹಿಡಿದು, "ಇದೇನು ಬರೆದೈತೆ, ಸ್ವಲ್ಪ ಓದಿ" ಎಂದರು. ಮೇಜಿನ ಸುತ್ತ ಎಲ್ಲರ ಕೈಯೂ ಒಂದು ಕ್ಷಣ ನಿಂತಿತು. ವೆಂಕಟರಮಣಪ್ಪ ಓದಿ ಹೇಳಿ, ಮನೆ ನಂಬರೇ ಇಲ್ಲದ ಇನ್ನೊಂದು ಕಾಗದ ಮುಂದಿಟ್ಟರು: "ಇದೆಲ್ಲಿ ಬರುತ್ತೆ, ನೀವು ಹೇಳಿ." ಅದು ಇಡೀ ಕಚೇರಿಯಲ್ಲಿ ಅಂಜಿನಯ್ಯನವರಿಗೊಬ್ಬರಿಗೇ ಗೊತ್ತಿತ್ತು.

ನೀಲಮ್ಮ ಈ ವರ್ಷ ಮತ್ತೆ ಅರ್ಜಿ ಹಾಕಿ ತರಬೇತಿಗೆ ಸೇರಿದ್ದಾಳೆ. "ಆಯಮ್ಮನ ಒಂದು ವರ್ಷ ನನ್ನಿಂದ ಹೋಯ್ತು. ಅದನ್ನ ನಾನು ವಾಪಸ್ ಕೊಡಕ್ಕಾಗಲ್ಲ" ಎನ್ನುವಾಗ ಅಂಜಿನಯ್ಯನವರ ಕಣ್ಣು ಮೇಜಿನ ಮೇಲಿದೆ.

ಕಳೆದ ತಿಂಗಳು ಕೆಂಗೇರಿಯಿಂದ ವರ್ಗವಾಗಿ ಬಂದ ಪೋಸ್ಟ್‌ಮ್ಯಾನ್ ಸೋಮಲಿಂಗಪ್ಪ ಮೇಜಿನ ಆಚೆ ತುದಿಯಲ್ಲಿ ಲಕೋಟೆಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಅಂಜಿನಯ್ಯ ಅತ್ತ ಹೋಗುವುದಿಲ್ಲ. ತಮ್ಮ ಕೈಯಲ್ಲಿದ್ದ ಕಾಗದವನ್ನೇ ವೆಂಕಟರಮಣಪ್ಪನವರಿಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಓದಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಸೋಮಲಿಂಗಪ್ಪನವರೂ ಲಕೋಟೆ ಹಿಡಿದು ಬರುತ್ತಾರೆ.

ಅಂಜಿನಯ್ಯ ಚೀಲ ಹೆಗಲಿಗೇರಿಸಿ ಹೊರಗೆ ಬಂದು ನನಗೆ ಮೆಲ್ಲಗೆ ಹೇಳುತ್ತಾರೆ: "ನಾನು ಓದಿಸ್ಕೊಂಡ ಆ ಅಡ್ರೆಸ್ಸು ನಂಗೆ ಗೊತ್ತಿತ್ತು, ಸಾರ್. ಮೊದಲು ನಾನು ಕೇಳಿದ್ರೆ ಆ ಹೊಸಬ್ರಿಗೂ ಕೇಳೋದು ಸುಲಭ ಆಗುತ್ತೆ."