ಕೊರಳ ಮೇಲಿನ ಕೈ

ನನ್ನ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು ಎದ್ದ ವರ್ಷ ನಮ್ಮ ಶಹಾಪುರದ ಕಾಲುವೆಗೆ ನೀರು ಚೆನ್ನಾಗಿ ಬಂದಿತ್ತು. ಯಜಮಾನರದು ಕಾಲುವೆಯ ತೂಬು ಎತ್ತಿ ಇಳಿಸುವ ನೌಕರಿ. ಮನೆಯಲ್ಲಿ ಹಾಲು ಉಕ್ಕಿದರೂ ಅವರಿಗೆ ಕಾಲುವೆಯೇ ನೆನಪಾಗುತ್ತಿತ್ತು. ನಾನು ಶಾಲೆಯ ಟೀಚರ್, ಎದುರು ಮಾತಾಡುವುದು ನನ್ನ ಹುಟ್ಟುಗುಣ.

ಕಲಬುರಗಿಯ ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಹಾಕಿ ಚೂರು ತೆಗೆದರು. ಬಯಾಪ್ಸಿ ಎನ್ನುವುದು ಅದಕ್ಕೇ. ಕ್ಯಾನ್ಸರ್ ಎಂದು ಗೊತ್ತಾಯಿತು. ಅತ್ತುಬಿಟ್ಟೆ. ಔಷಧಿ ಶುರುವಾಗಿ ಕೂದಲು ಉದುರಿತು, ಗಂಟೂ ಕರಗತೊಡಗಿತು. ಆಗ ಡಾಕ್ಟರಮ್ಮ ಇನ್ನೊಂದು ಚೂರು ಕೇಳಿದರು. ಔಷಧಿ ಗಂಟಿನೊಳಗೆ ಏನು ಮಾಡುತ್ತಿದೆ ಎಂದು ಸಂಶೋಧನೆ ನಡೆಸುತ್ತಿದ್ದರಂತೆ.

"ಇದರಿಂದ ನಿಮಗೇನೂ ಲಾಭ ಇಲ್ರಿ. ಸ್ವಲ್ಪ ನೋವು ಆಗ್ತದ, ರಕ್ತ ಬರಬಹುದು. ಬ್ಯಾಡ ಅಂದ್ರೂ ನಿಮ್ಮ ಔಷಧಿ ನಿಲ್ಲಂಗಿಲ್ಲ," ಎಂದರು. ಮುಚ್ಚುಮರೆಯಿಲ್ಲದ ಆ ಮಾತು ನನಗೆ ಹಿಡಿಸಿತು. ಕೊಡಬೇಕೆನಿಸಿತು.

ಇವರು ಮಾತ್ರ ಮನೆಗೆ ಬಂದು ಊಟಕ್ಕೇ ಕೂರಲಿಲ್ಲ.

"ಒಡ್ಡಿಗೆ ಒಂದು ತೂತ ಬಿದ್ದದ್ದ ಸಾಕು. ಇನ್ನೊಂದು ಬಿದ್ರ ಒಳಗಿನ ರೋಗ ಮೈತುಂಬ ಹರಡತದ."

"ನಾ ಏನು ಕಾಲುವಿ ಒಡ್ಡೇನ್ರಿ?" ಎಂದೆ. ಅವರು ನಗಲಿಲ್ಲ, ಕಣ್ಣಲ್ಲಿ ನೀರಿತ್ತು. ಸುಳ್ಳೇಕೆ ಹೇಳಲಿ, ಅಂಜಿಕೆ ನನಗೂ ಇತ್ತು. ಆದರೆ ನಮ್ಮ ಹೊಲ ಇರುವುದು ಕಾಲುವೆಯ ಕಟ್ಟಕಡೆಗೆ. "ಮ್ಯಾಲಿನವ್ರು ನೀರು ಬಿಟ್ರನ ನಮಗ ನೀರು, ಹೌದಿಲ್ರಿ? ನನ್ನ ಔಷಧಿನೂ ಹಂಗ. ಮೊದಲು ಯಾರೋ ಚೂರು ಕೊಟ್ಟಾರ. ಈಗ ನಾ ತೂಬ ಮುಚ್ಚಲೇನು?" ಎಂದೆ. ಕಾಲುವೆಯ ಮಾತು ಬಂದ ಮೇಲೆ ಅವರು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತರು.

ಮುಂದಿನ ಸಲ ಹೋದಾಗ ಅವರೇ ಡಾಕ್ಟರಮ್ಮನನ್ನು ಕೇಳಿದರು.

"ಸೂಜಿ ಹಾಕಿದ್ರ ರೋಗ ಹರಡತದೇನ್ರಿ?"

"ಹಂಗಾಗೂದು ಭಾಳ ಅಪರೂಪರಿ. ರಕ್ತನಾಳ ಎಲ್ಲೆದಾವ ಅಂತ ಈ ಸ್ಕ್ಯಾನಿಂಗ್ ಪರದೆಮ್ಯಾಗ ನೋಡಿಕೋತನ ಸೂಜಿ ಹಾಕ್ತೀವಿ."

"ಆಮ್ಯಾಲೆ ತೂತ ಯಾರು ಮುಚ್ಚತಾರ?"

"ನರ್ಸಮ್ಮ ಒತ್ತಿ ಹಿಡೀತಾಳ."

"ಅದು ನನ್ನ ಕೆಲಸರಿ!"

ಡಾಕ್ಟರಮ್ಮ ನಕ್ಕು, ಅವರ ಕೈ ತೊಳೆಸಿ ಗ್ಲೌಸ್ ಹಾಕಿಸಿದರು. ನನ್ನ ಕುತ್ತಿಗೆ ಮರಗಟ್ಟಿಸಿದ್ದರಿಂದ ಟಕ್ಕೆಂಬ ಸದ್ದು ಕೇಳಿತು, ಹಿಂಡಿದಂತಾಯಿತು, ಅಷ್ಟೇ. ಚೂರು ಬಂತು. ಇವರು ಹತ್ತಿಯ ಪಟ್ಟಿ ಇಟ್ಟು ಒತ್ತಿ ಹಿಡಿದರು.

ಸ್ವಲ್ಪ ಹೊತ್ತಾದ ಮೇಲೆ ನರ್ಸಮ್ಮ "ಸಾಕ್ರಿ, ಬಿಡ್ರಿ," ಎಂದಳು. ಬಿಡಲಿಲ್ಲ. ಮತ್ತೆ ಹೇಳಿದಳು. ಆಗಲೂ ಬಿಡಲಿಲ್ಲ. ನಮ್ಮಲ್ಲಿ ಕಾಲುವೆಯ ಒಡ್ಡು ಸೋರಿದರೆ, ಮೊದಲು ಕೈಯಿಟ್ಟವನು ಇನ್ನೊಬ್ಬನ ಕೈ ಬರುವವರೆಗೆ ತೆಗೆಯುವಂತಿಲ್ಲ. ನನಗೆ ನಗು ತಡೆಯದು, ನಕ್ಕರೆ ಕುತ್ತಿಗೆ ಅಲುಗುತ್ತದೆ! ಹೇಗೋ ವಿಷಯ ತಿಳಿಸಿದೆ. ನರ್ಸಮ್ಮ ಬಲು ಗಂಭೀರವಾಗಿ ತನ್ನ ಕೈ ತಂದಿಟ್ಟಳು, ಇವರು ಮೆಲ್ಲಗೆ ತಮ್ಮ ಕೈ ಜಾರಿಸಿಕೊಂಡರು. ಪಟ್ಟಿ ಎತ್ತಿ ನೋಡಿದರೆ ರಕ್ತ ನಿಂತಿತ್ತು. ಅಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಆಮೇಲೂ ಒಂದಷ್ಟು ಹೊತ್ತು ಕೂರಿಸಿಕೊಂಡು ನೋಡಿ, ಮನೆಗೆ ಕಳಿಸಿದರು.

ಕುತ್ತಿಗೆ ಕೆಲವು ದಿನ ಬದನೆಕಾಯಿ ಬಣ್ಣಕ್ಕೆ ತಿರುಗಿ ಸರಿಹೋಯಿತು. ಮುಂದೆ ಗಂಟೂ ಪೂರ್ತಿ ಕರಗಿತು, ಅದಕ್ಕೇ ಇಷ್ಟು ಜೋರಿನಲ್ಲಿ ಬರೆಯುತ್ತಿದ್ದೇನೆ.

ಆವತ್ತು ಚೂರು ಕೊಟ್ಟು ಮರಳುವಾಗ ಶಹಾಪುರದ ಬಸ್ಸಿನಲ್ಲಿ ನಾನು ಕೆಣಕಿದೆ: "ತಾಳಿ ಕಟ್ಟುವಾಗೂ ನಿಮ್ಮ ಕೈ ನನ್ನ ಕೊರಳಮ್ಯಾಗ ಇಷ್ಟು ಹೊತ್ತು ಇದ್ದಿಲ್ಲ ನೋಡ್ರಿ."

ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಆವಾಗ ನೀ ಬಿಟ್ಟು ಹೋಗತೀ ಅನ್ನೂ ಅಂಜಿಕಿ ಇದ್ದಿಲ್ಲ," ಎಂದರು.