ಮಂಡಿ ಮುಚ್ಚುವ ಚಡ್ಡಿ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಸುಂದ್ರಮ್ಮ ಕಂಪಲಾಪುರದ ತಮ್ಮ ಟೈಲರ್ ಅಂಗಡಿಯಲ್ಲಿ ಕುಳಿತು, ಹಿಂದಿನ ಸಂಜೆ ತಾವೇ ಹಾಕಿದ್ದ ಹೊಲಿಗೆಯನ್ನು ಬ್ಲೇಡಿನಿಂದ ಕಿತ್ತುಹಾಕುತ್ತಿದ್ದರು. ಅದು ಮಧುಶ್ರೀಯ ಕಬಡ್ಡಿ ಚಡ್ಡಿ. ಎಂಟು ಗಂಟೆಗೆ ಹುಡುಗಿಯರ ತಂಡ ತಾಲ್ಲೂಕು ಪಂದ್ಯಕ್ಕೆಂದು ಪಿರಿಯಾಪಟ್ಟಣಕ್ಕೆ ಹೊರಡಬೇಕಿತ್ತು.

ತಂಡಕ್ಕೆಲ್ಲ ಸುಂದ್ರಮ್ಮ ಒಂದೇ ನಮೂನೆ ಹೊಲಿದಿದ್ದರು: ಸೊಂಟಕ್ಕೆ ಎಲಾಸ್ಟಿಕ್, ಪಕ್ಕದಲ್ಲಿ ಸಣ್ಣ ಸೀಳು, ಮಂಡಿಯಿಂದ ಅರ್ಧ ಗೇಣು ಮೇಲಕ್ಕೆ ಅಂಚು. ನಿನ್ನೆ ಮಧುಶ್ರೀಯ ತಾತ ಷಣ್ಮುಖಪ್ಪ ಬಂದು, "ಮಂಡಿ ಮುಚ್ಚಂಗೆ ಮಾಡವ್ವ. ಇಲ್ಲಾಂದ್ರೆ ಅವ್ಳು ಆಟಕ್ಕೋಗಾಕಿಲ್ಲ" ಎಂದಿದ್ದರು. ಆ ಬೀದಿಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಸುಂದ್ರಮ್ಮನೂ ಒಪ್ಪಿ, ಅಂಚಿಗೆ ಪಟ್ಟಿ ಜೋಡಿಸಿ ಉದ್ದ ಮಾಡಿದ್ದರು. ಈಗಷ್ಟೇ ಮಧುಶ್ರೀ ಅದನ್ನು ತೊಟ್ಟು ಒಮ್ಮೆ ಕಾಲು ಬೀಸಿದ್ದೇ ತಡ, ಪಟ್ಟಿ ಮಂಡಿಗೆ ಸಿಕ್ಕಿ ಅಂಗಡಿ ಮುಂದೆಯೇ ಮುಗ್ಗರಿಸಿ ಬಿದ್ದಿದ್ದಳು. ಮೊಣಕೈ ತರಚಿತ್ತು.

ಸುಂದ್ರಮ್ಮನಿಗೆ ಮೊದಲು ಸಿಟ್ಟು ಬಂದದ್ದು ತಮ್ಮ ಮೇಲೇ. ಈ ಊರಿನ ಗಂಡಸರಿಗೆ ಅವರು ಹೊಲಿಯದ ಚಡ್ಡಿಯಿಲ್ಲ. ಪಟಾಪಟಿ ಚಡ್ಡಿ, ಶಾಲೆಯ ನಿಕ್ಕರ್, ತ್ರೀಫೋರ್ತ್, ಆರು ಜೇಬಿನ ಬರ್ಮುಡಾ. ತೊಡೆ ಕಾಣುವಂಥದ್ದನ್ನು ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವವರನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ. ಹೆಂಗಸಿನ ಕೈಲಿ ಅಳತೆ ತೆಗೆಸಿಕೊಳ್ಳುವುದಕ್ಕೆ ಮಾತ್ರ ಅವರಿಗೆ ನಾಚಿಕೆ. ಹಳೆಯ ಚಡ್ಡಿಯೊಂದನ್ನು ಅಳತೆಗೆಂದು ಕಳಿಸಿಕೊಡುತ್ತಾರೆ.

ಅಷ್ಟರಲ್ಲಿ ಷಣ್ಮುಖಪ್ಪನೇ ಬಂದರು.

"ಯಾಕವ್ವ ಬಿಚ್ತಿದ್ದೀಯ?"

"ನಿಮ್ಮ ಮೊಮ್ಮಗಳು ಬಿದ್ಲು, ಅದ್ಕೆ."

"ಬಿದ್ರೆ ಮನೇಲಿರ್ಲಿ ಬುಡು. ತೊಡೆ ತೋರಿಸ್ಕಂಡು ಕುಣಿಯೋದೂ ಒಂದು ಆಟವಾ?"

"ತಾತ, ಎಲ್ರೂ ಕಾಯ್ತಾವ್ರೆ" ಎಂದಳು ಮಧುಶ್ರೀ.

"ನೀನು ಸುಮ್ಕಿರು."

ಸುಂದ್ರಮ್ಮ ಪಟ್ಟಿಯ ಕೊನೆಯ ಹೊಲಿಗೆಯನ್ನೂ ಕಿತ್ತು ಎದ್ದವರೇ ಮೊಳೆಗೆ ನೇತುಹಾಕಿದ್ದ ಷಣ್ಮುಖಪ್ಪನವರ ಅಳತೆ ಚಡ್ಡಿಯನ್ನು ಎಳೆದು, ಬೀದಿಗೆ ಕಾಣುವಂತೆ ಮೇಜಿನ ಮೇಲೆ ಹರಡಿದರು. ಡೇರಿಗೆ ಹಾಲು ಒಯ್ಯುತ್ತಿದ್ದವರು ಕ್ಯಾನು ಕೆಳಗಿಟ್ಟು ನಿಂತರು.

"ಅಯ್ಯೋ, ಅದ್ಯಾಕೆ ಈಚೆ ತಗೀತೀಯ? ಒಳಗಿಡು!"

"ಈಗ್ಯಾಕ್ರೀ ನಾಚ್ಕೆ? ಒಲೆ ಉರಿ ಮುಂದೆ ಹೊಗೆಸೊಪ್ಪು ಬೇಯಿಸೋವಾಗ ಸೆಕೆ, ಕಾಲಾಡ್ಬೇಕು, ಗಿಡ್ಡ ಇರ್ಲಿ ಅಂತ ಏಳಿ ಕಳಿಸ್ಲಿಲ್ವಾ? ನಿಮ್ಗೆ ಕಾಲಾಡ್ಬೇಕು, ಅವ್ಳಿಗೆ ಬ್ಯಾಡ್ವಾ?"

ಸುಂದ್ರಮ್ಮ ಟೇಪು ಕೈಗೆತ್ತಿಕೊಂಡರು. ಎರಡೂ ಚಡ್ಡಿಗಳನ್ನು ಸೊಂಟದಿಂದ ಅಂಚಿನವರೆಗೆ ನೇರವಾಗಿ ಅಳೆದು, ಅಳತೆಯನ್ನು ಕೂಗಿ ಹೇಳಿದರು. ಹಾಲಿನವರು ಗೊಳ್ಳೆಂದು ನಕ್ಕರು.

"ಓಗ್ಲಿ, ಎಲ್ಲಾದ್ರೂ ಆಳಾಗೋಗ್ಲಿ!" ಎಂದು ಷಣ್ಮುಖಪ್ಪ ಟವೆಲ್ಲು ಕೊಡವಿ ನಡೆದರು. ಮಧುಶ್ರೀ ಎಂಟರ ಬಸ್ಸು ಹತ್ತಿದಳು.

ಆಮೇಲೆ ಹುಡುಗಿಯರ ಚಡ್ಡಿಯ ಉದ್ದದ ಬಗ್ಗೆ ಆ ಅಂಗಡಿಗೆ ಯಾರೂ ತಕರಾರು ತರಲಿಲ್ಲ. ಅಂದು ಇಡೀ ಬೀದಿಗೆ ಕೇಳುವಂತೆ ಸುಂದ್ರಮ್ಮ ಕೂಗಿದ್ದು ಇಷ್ಟೇ: "ಮೊಮ್ಮಗಳ್ದು ಅದಿನೆಂಟು ಇಂಚು. ನಿಮ್ದು ಅದಿನೇಳು!"