ಬಿಸಿನೀರಲ್ಲಿ ಮುಳುಗಿದ ಸೂಜಿ

ಇವತ್ತು ಮೊಮ್ಮಗಳು ಲೋಟದ ನೀರಿನ ಮೇಲೆ ಸೂಜಿ ತೇಲಿಸಿದಳು. ನಾನು ಮನಸ್ಸಿನಲ್ಲೇ ಕಾಶಿಯ ಬಂಗಾಲಿ ಟೋಲಾ ಕೇರಿಯಲ್ಲಿದ್ದ ಮಾವನ ಮನೆಗೆ ಹೋಗಿಬಿಟ್ಟೆ.

ಮಾವ ಭೌತಶಾಸ್ತ್ರದ ಮೇಷ್ಟ್ರು. ತಮ್ಮ ಮಗಳು ವಸುಧಾ ಹೀಗೆ ಸೂಜಿ ತೇಲಿಸಿದಾಗಲೆಲ್ಲ ಬೆನ್ನು ತಟ್ಟುತ್ತಿದ್ದರು. ಹಳ್ಳಿಯಿಂದ ಶಾಲೆಯ ರಜೆಗೆ ಹೋಗಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಬೆರಳು ಚುರ್ ಎನ್ನಲಿ ಎಂದು ಒಂದು ಬೆಳಿಗ್ಗೆ ಅವಳು ಸೂಜಿ ತೇಲಿಸುವ ಬಟ್ಟಲಿಗೆ ಗುಟ್ಟಾಗಿ ಬಿಸಿನೀರು ಸುರಿದಿಟ್ಟೆ.

ಅವಳು ಎಷ್ಟು ಮೆಲ್ಲಗೆ ಬಿಟ್ಟರೂ ಸೂಜಿ ಮುಳುಗಿತು. ಮಾವ ನೀರು ಮುಟ್ಟಿ ಕಣ್ಣರಳಿಸಿದರು.

“ಕಾದ ನೀರಿನ ಕಣಗಳು ಕುಣಿದಾಡುತ್ತವೆ, ಒಂದನ್ನೊಂದು ಹಿಡಿದುಕೊಳ್ಳೋ ಬಿಗಿ ಸಡಿಲವಾಗುತ್ತೆ, ಸೂಜಿಯನ್ನ ಹೊರೋಕಾಗಲ್ಲ. ಬಿಸಿನೀರಲ್ಲಿ ನೋಡೋಣ ಅಂತ ಯಾರಿಗಮ್ಮಾ ಹೊಳೆದದ್ದು?”

“ಮೈನೇ ಕಿಯಾ ಅಪ್ಪಾ, ನಾನೇ,” ಎಂದಳು ವಸುಧಾ.

ಮಾವ ಎರಡು ಸಲ ಬೆನ್ನು ತಟ್ಟಿದರು. ಅದು ನನ್ನ ಕೆಲಸ ಎಂದು ಬಾಯಿಬಿಟ್ಟರೆ, ಯಾಕೆ ಮಾಡಿದೆ ಎಂದೂ ಹೇಳಬೇಕಾಗುತ್ತಿತ್ತು.

ವಸುಧಾ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಆ ಬೆಳಗಿನ ಮಾತನ್ನು ನಾನೂ ಎತ್ತಿಲ್ಲ, ಅವಳೂ ಎತ್ತಿಲ್ಲ.